ಎಡೆದೊರೆನಾಡಿನ ಬೇಟೆಯೂ ‘ದೀವ’ವೆಂಬ ಮಾತೂ

ಕೃಷ್ಣೆ ತುಂಗಭದ್ರೆಗಳೆಂಬ ಎರಡು ಮಹಾನದಿಗಳ ನಡುವೆ ಹಬ್ಬಿರುವ ಭೂಭಾಗವು ಪ್ರಾಚೀನ ಶಾಸನಗಳಲ್ಲಿ ‘ಎಡೆದೊರೆ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ತೊರೆಗಳ ಎಡೆಯಲ್ಲಿರುವ ನಾಡಾದುದರಿಂದ ಈ ಹೆಸರು ಅನ್ವರ್ಥವಾದುದು. ರಾಯಚೂರು, ಮಾನ್ವಿ, ದೇವದುರ್ಗಗಳು ಈ ನಾಡಿನ ಮುಖ್ಯಸ್ಥಾನಗಳು. ಇಲ್ಲಿಯ ಅರಸರ ಇತಿಹಾಸವು ಕಲ್ಲಿನಲ್ಲಿಯೇ ಉಳಿದುಬಂದಿದೆ. ರಾಯಚೂರಿನ ಕೋಟೆಯ ಗೋಡೆಗೆ ಸೇರಿಸಿರುವ ಹೆಗ್ಗಲ್ಲಿನ ಮೇಲೆ ಗೋರೆ ಗಂಗಯ್ಯರೆಡ್ಡಿಯ ೧೨೯೪ರ ಶಾಸನವಿದೆ. ಅದೇ ಕೋಟೆಗಾಗಿ ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ಘೋರಯುದ್ಧವು ನಡೆಯಿತು. ಆದರೆ ಅದೇ ನೆಲದಲ್ಲಿ, ಅದೇ ಕಾಲಗಳಲ್ಲಿ, ಬಲೆಯನ್ನು ಹೆಗಲಮೇಲೆ ಹಾಕಿಕೊಂಡು ನಡೆದ ಬೇಡನ ಇತಿಹಾಸವನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ. ಅದು ಉಳಿದಿರುವುದು ಕೆಲವು ಮಾತುಗಳಲ್ಲಿ ಮಾತ್ರ. ಆ ಮಾತುಗಳೊಳಗೆ ಒಂದು ‘ದೀವ’. ಈ ಒಂದು ಪದವನ್ನು ಸರಿಯಾಗಿ ತಿಳಿದುಕೊಂಡರೆ ಸಾವಿರಾರು ವರ್ಷಗಳ ಒಂದು ವಿದ್ಯೆಯ ಸ್ವರೂಪವೂ, ಆ ವಿದ್ಯೆಯೊಡನೆ ಹುಟ್ಟಿದ ಧರ್ಮಸಂದೇಹವೂ ವಿಶದವಾಗುತ್ತವೆ. ತಪ್ಪಾಗಿ ತಿಳಿದುಕೊಂಡರೆ ಎರಡೂ ಮರೆಯಾಗುತ್ತವೆ.

ಕಾಡಿನ ಮೃಗವನ್ನಾಗಲಿ ಪಕ್ಷಿಯನ್ನಾಗಲಿ ಹತ್ತಿರಕ್ಕೆ ಸೆಳೆಯುವುದಕ್ಕಾಗಿ ಬೇಟೆಗಾರನು ಮುಂದಿಡುವ ಅದರ ಸಜಾತೀಯ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ವೆಂದು ಹೆಸರು. ಪಂಪನ ವಿಕ್ರಮಾರ್ಜುನವಿಜಯ ಮೊದಲ್ಗೊಂಡು ಗದುಗಿನ ಭಾರತದವರೆಗೆ ಬೇಟೆಯ ವರ್ಣನೆಯು ಕನ್ನಡ ಕಾವ್ಯಗಳಿಗೆ ಒಂದು ಅಂಗವೇ ಆಗಿದೆ. ಆ ವರ್ಣನೆಗಳನ್ನು ಓದುವವರು ಈ ಬಗೆಯ ಪಾರಿಭಾಷಿಕ ಪದಗಳನ್ನು ಸಂಧಿಸದೆ ಇರಲಾರರು. ನಡುಗನ್ನಡದಲ್ಲಿ ಇದೇ ಪದವು ‘ದೀಹ’ವೆಂಬ ರೂಪವನ್ನು ತಾಳಿತು. ಅಡಗಿರುವ ಮೃಗಗಳನ್ನು ಎಬ್ಬಿಸಿ ಅಟ್ಟುವ ‘ಸೋಹು’ ಎಂಬುದು ಇದರ ಒಡಹುಟ್ಟಿನಂತಿರುವ ಮತ್ತೊಂದು ಪದ. ಸೋಹಿನಲ್ಲಿ ಮೃಗವನ್ನು ಹೆದರಿಸಿ ಓಡಿಸುವುದು. ದೀವದಲ್ಲಿ ಅದು ತಾನಾಗಿಯೇ ಬರುವಂತೆ ಮಾಡುವುದು. ಬೇಟೆಯ ಎರಡು ಮಾರ್ಗಗಳು ಈ ಎರಡು ಪದಗಳಲ್ಲಿಯೇ ಅಡಕವಾಗಿವೆ.

ಇನ್ನು ಈ ಪದದ ಮೂಲವನ್ನು ವಿಚಾರಿಸಬೇಕು. ಪ್ರಾಕೃತದಲ್ಲಿ ‘ದೀವ’ವೆಂಬ ಒಂದೇ ರೂಪವು ಸಂಸ್ಕೃತದ ‘ದೀಪ’ ‘ದ್ವೀಪ’ಗಳೆರಡಕ್ಕೂ ಸಲ್ಲುತ್ತದೆ. ಆದುದರಿಂದ ಕಾವ್ಯವನ್ನು ಓದುವ ವಿದ್ಯಾರ್ಥಿಯು ಬೇಟೆಯ ಸಂದರ್ಭದಲ್ಲಿ ಈ ಪದವನ್ನು ಕಂಡಾಗ ಸೊಡರೆಂದೋ ನಡುಗಡ್ಡೆಯೆಂದೋ ಅರ್ಥಮಾಡಿ ಭ್ರಾಂತನಾಗುವುದಕ್ಕೆ ಅವಕಾಶವಿದೆ. ಆದರೆ ಬೇಟೆಯ ದೀವವು ಬಂದುದು ‘ದೀಪಕ’ದಿಂದ. ದೀಪಿಕೆಯು ‘ದೀವಿಗೆ’ಯಾದ ಹಾಗೆಯೇ ಇಲ್ಲಿಯೂ ಪಕಾರವು ವಕಾರವಾಗಿದೆ. ಈ ನಿರ್ಣಯಕ್ಕೆ ಬಲವಾದ ಸಾಕ್ಷ್ಯವು ಪಾಲಿಭಾಷೆಯಲ್ಲಿ ದೊರೆಯುತ್ತದೆ. ಜಾತಕಕಥೆಗಳಲ್ಲಿ ಹಕ್ಕಿಬೇಟೆಗಾರನು ಸಾಕಿದ, ಕೂಗಿ ಇತರ ಹಕ್ಕಿಗಳನ್ನು ಕರೆಯುವ ಕೌಜುಗಕ್ಕೆ ‘ದೀಪಕತಿತ್ತಿರ’ವೆಂದೇ ಹೆಸರು. ತೆಲುಗಿನಲ್ಲಿ ಇದೇ ಅರ್ಥದಲ್ಲಿ ‘ದೀಮಮು’ ಎಂಬುದೂ ತಮಿಳಿನಲ್ಲಿ ‘ತೀವಕಂ’ ಎಂಬುದೂ ಇವೆ. ಇಷ್ಟು ಭಾಷೆಗಳಲ್ಲಿ ಒಂದೇ ಪದವು ಒಂದೇ ಅರ್ಥದಲ್ಲಿ ಹರಡಿರುವುದರಿಂದ ಆ ವಿದ್ಯೆಯೂ ಅಷ್ಟೇ ವಿಶಾಲವಾಗಿ ಹರಡಿದ್ದಿತೆಂದು ಊಹಿಸುವುದು ಯುಕ್ತವಾಗಿದೆ.

ಬೇಟೆಯ ಹಕ್ಕಿಗೆ ದೀಪದ ಹೆಸರೇಕೆ ಎಂಬ ಶಂಕೆಯು ಇಲ್ಲಿ ಹುಟ್ಟಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ದೀಪವು ತನ್ನನ್ನೂ ಇತರ ವಸ್ತುಗಳನ್ನೂ ತೋರಿಸುತ್ತದೆ. ಹಾಗೆಯೇ ಈ ಹಕ್ಕಿಯು ತಾನು ಕಾಣಿಸಿಕೊಂಡು, ಪೊದೆಯಲ್ಲಿ ಅಡಗಿರುವ ಇತರ ಹಕ್ಕಿಗಳನ್ನೂ ಕಾಣಿಸುತ್ತದೆ ಎಂಬುದೊಂದು. ‘ದೀಪನ’ವೆಂದರೆ ಉರಿಸುವುದು, ಕೆರಳಿಸುವುದು ಎಂದೂ ಅರ್ಥವಿರುವುದರಿಂದ, ಕಾಡಿನ ಗಂಡುಹಕ್ಕಿಯ ರೋಷವನ್ನು ಉರಿಯೆಬ್ಬಿಸುವುದು ದೀಪಕ ಎಂಬುದು ಇನ್ನೊಂದು. ತಮಿಳಿನ ಪ್ರಾಚೀನ ಕೃತಿಯಾದ ಪೆರುಂಪಾಣಾಟ್ರುಪ್ಪಡೈಯಲ್ಲಿ ಬೇಡರ ಮನೆಯಂಗಳದ ಬೇಲದ ಮರಕ್ಕೆ ಕಟ್ಟಿದ ಇಂತಹ ಜಿಂಕೆಯನ್ನು ‘ಪಾರ್ವೈ’ ಎಂದು ಕರೆದಿದೆ. ಆ ಪದಕ್ಕೆ ‘ನೋಟ’ವೆಂದೇ ಸಾಮಾನ್ಯಾರ್ಥ. ಬೆಳಕು, ನೋಟ ಎಂಬ ಈ ಎರಡು ಹೆಸರುಗಳನ್ನು ಸೇರಿಸಿ ನೋಡಿದರೆ ಮೊದಲನೆಯ ಸಮಾಧಾನವೇ ಪ್ರಬಲವೆಂದು ತೋರುತ್ತದೆ. ಆದರೂ ಎರಡನೆಯದು ಆ ಹಕ್ಕಿಯ ಸ್ವಭಾವಕ್ಕೆ ಚೆನ್ನಾಗಿ ಒಪ್ಪುವುದರಿಂದ ಅದನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗುವುದಿಲ್ಲ.

ಎಡೆದೊರೆನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ೧೧೨೯ರ ಸುಮಾರಿಗೆ, ಆ ವಂಶದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದ ಒಂದು ಭಾಗವು ೧೯೨೬ರಲ್ಲಿ ಮೈಸೂರಿನಿಂದಲೂ, ಸಂಪುಟಗಳಾಗಿ ೧೯೨೫ರಿಂದ ಬಡೋದೆಯ ಗಾಯಕವಾಡ ಗ್ರಂಥಮಾಲೆಯಿಂದಲೂ ಪ್ರಕಟವಾಯಿತು. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ನಾಯಿ, ಡೇಗೆ, ಮೀನು ಇವುಗಳ ವಿನೋದಗಳೊಡನೆ ಮೃಗಯಾವಿನೋದವನ್ನೂ ವಿಸ್ತಾರವಾಗಿ ನಿರೂಪಿಸಿದೆ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಕ್ರಮವೂ ಆ ನಿರೂಪಣೆಗೆ ಸೇರಿದೆ. ಮುಂದೆ ನಾಲ್ಕು ಶತಮಾನಗಳು ಕಳೆದ ಮೇಲೆ ಅಬುಲ್ ಫಜಲನು ಐನೆ ಅಕ್ಬರಿಯಲ್ಲಿ ಇಂತಹದೇ ಒಂದು ಬೇಟೆಯನ್ನು ಹೇಳುತ್ತಾನೆ: ಸಾಕಿದ ಗಂಡುಚಿಗರೆಯ ಕೊಂಬುಗಳಿಗೆ ಬಲೆಯನ್ನು ಕಟ್ಟಿ ಬಿಡುವುದು, ಕಾದಾಡಲು ಬಂದ ಕಾಡಿನ ಚಿಗರೆಯು ಆ ಬಲೆಯಲ್ಲಿ ಸಿಕ್ಕಿಕೊಳ್ಳುವುದು. ಕಲ್ಯಾಣದ ಅರಸನ ವಿನೋದವೂ ದಿಲ್ಲಿಯ ಬಾದಶಹನ ವಿನೋದವೂ ಅರಮನೆಯಲ್ಲಿ ಹುಟ್ಟಿದವುಗಳಲ್ಲ. ಬೇಡನ ಅನ್ನದ ಮಾರ್ಗವನ್ನೇ ಅರಸರು ವಿನೋದವನ್ನಾಗಿ ಮಾಡಿಕೊಂಡರೆಂಬುದು ಸ್ಪಷ್ಟವಾಗಿದೆ.

ಆ ಬೇಡನಿಗೆ ದೀವವನ್ನು ಆರಿಸುವುದೇ ದೊಡ್ಡ ವಿದ್ಯೆ. ಆನೆ ಕುದುರೆಗಳಿಲ್ಲದೆ ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಹೋಗುವವನಿಗೆ ಮೊದಲು ಬೇಕಾದ ಗುಣ ಹಗುರತೆ. ಚಿಗರೆಯು ತನ್ನ ಕಾಲಿನಿಂದಲೇ ನಡೆದುಬರುತ್ತದೆಯಾದರೂ ಅದನ್ನು ಸಾಕುವುದು ಶ್ರಮಸಾಧ್ಯ. ಕೌಜುಗವಾದರೋ ಒಂದಡಿಯಷ್ಟು ಉದ್ದದ ಹಕ್ಕಿ. ತೂಕವು ಮೂರುನೂರು ಗ್ರಾಮಿನ ಆಸುಪಾಸು. ಬಿದಿರಿನ ಚಿಕ್ಕ ಪಂಜರದಲ್ಲಿಟ್ಟು ಕೈಯಲ್ಲಿ ತೂಗಿಸಿಕೊಂಡು ಹರದಾರಿಗಟ್ಟಲೆ ನಡೆಯಬಹುದು. ಹಿಡಿ ಕಾಳು, ಕೆಲವು ಗೆದ್ದಲು ಸಿಕ್ಕಿದರೆ ಅದರ ಆಹಾರವು ತೀರಿತು. ಎಡೆದೊರೆಯ ಜಾಲಿಯ ಪೊದೆಗಳೂ, ಜೋಳದ ಹೊಲದ ಬದುಗಳೂ, ಕಲ್ಲುಗುಡ್ಡದ ಇಳಿಜಾರುಗಳೂ ಈ ಹಕ್ಕಿಗೆ ತವರು. ಗಂಡುಕೌಜುಗಕ್ಕೆ ಕಾಲಿನಲ್ಲಿ ಮುಳ್ಳುಂಟು. ತನ್ನ ಎಲ್ಲೆಯೊಳಗೆ ಮತ್ತೊಂದು ಗಂಡಿನ ಕೂಗನ್ನು ಅದು ಸಹಿಸುವುದಿಲ್ಲ. ಬೆಳಗಿನ ಜಾವದಲ್ಲಿ ಪಂಜರದ ಹಕ್ಕಿಯು ಕೂಗಿದರೆ ಕಾಡಿನ ಗಂಡು ಮಾರ್ದನಿಗೊಡುತ್ತ, ಕತ್ತನ್ನು ನಿಗುರಿಸಿಕೊಂಡು, ಕಾದುವುದಕ್ಕೆ ಓಡಿಬರುತ್ತದೆ. ಪಂಜರದ ಸುತ್ತಲೂ ನೆಟ್ಟಿರುವ ಕುಣಿಕೆಗಳು ಅದರ ಕಾಲನ್ನು ಬಿಗಿಯುತ್ತವೆ. ಬುರ್ಲಿಯ ಬೇಟೆಯಲ್ಲಿಯೂ ಇದೇ ತತ್ತ್ವ. ಅಲ್ಲಿ ಕೂಗುವ ಹಕ್ಕಿಗಳ ಪಂಜರಗಳನ್ನು ಹೊಲದಲ್ಲಿಟ್ಟು ಸುತ್ತಲೂ ಬಲೆಯನ್ನು ಹರಡುವರು.

ಎರಡನೆಯ ಗುಣ ಸಾದೃಶ್ಯ. ಕಾಡಿನ ಹಕ್ಕಿಯು ದೀವವನ್ನು ತನ್ನ ಕುಲದ್ದೆಂದು ನಿಸ್ಸಂದೇಹವಾಗಿ ನಂಬಬೇಕು. ಜೀವಂತ ಹಕ್ಕಿಯೇ ದೀವವಾದಾಗ ಈ ಗುಣವು ಸ್ವತಃಸಿದ್ಧವಾಗಿದೆ. ಆದರೆ ಬೇಟೆಗಾರನು ತಾನೂ ವೇಷವನ್ನು ತೊಡಬೇಕಾದಾಗ ಕಷ್ಟವು ಪ್ರಾರಂಭವಾಗುತ್ತದೆ. ಕಕ್ಕರಜಾತಕದಲ್ಲಿ ಇದರ ಒಂದು ರಮ್ಯವಾದ ನಿದರ್ಶನವಿದೆ. ದೀಪಕಪಕ್ಷಿಯನ್ನು ಹಿಡಿದು ತಿರುಗಿದರೂ ಒಂದು ಮುದಿಹಕ್ಕಿಯು ವಶವಾಗದಿರಲು, ಬೇಟೆಗಾರನು ಕೊಂಬೆ ಎಲೆಗಳಿಂದ ಮೈಮುಚ್ಚಿಕೊಂಡು ಮರದಂತೆ ನಿಂತನು. ಆ ಹಕ್ಕಿಯು, ಈ ಕಾಡಿನಲ್ಲಿ ಎಷ್ಟೋ ಮರಗಳನ್ನು ಕಂಡಿರುವೆನಾದರೂ ನಿನ್ನಂತೆ ಚಲಿಸುವ ಮರವನ್ನು ಮಾತ್ರ ಕಾಣೆನೆಂದು ಹೇಳಿ ಹಾರಿಹೋಯಿತಂತೆ. ರೂಪವೊಂದೇ ಸಾಲದು, ನಡೆಯೂ ಒಪ್ಪಬೇಕು ಎಂಬುದು ಈ ಕಥೆಯ ತಾತ್ಪರ್ಯ.

ದೂರದೇಶಗಳಲ್ಲಿ ಈ ವಿದ್ಯೆಯು ಬೇರೊಂದು ದಾರಿಯನ್ನು ಹಿಡಿಯಿತು. ಅಮೇರಿಕೆಯ ನೆವಾಡಾ ಪ್ರಾಂತದ ಲವ್‌ಲಾಕ್ ಗುಹೆಯಲ್ಲಿ ೧೯೨೪ರಲ್ಲಿ, ಜೊಂಡನ್ನು ಹೆಣೆದು ಮಾಡಿದ ಬಾತುಕೋಳಿಯ ಪ್ರತಿಮೆಗಳು ದೊರೆತವು. ಅವು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವೆಂದು ನಿರ್ಣಯಿಸಿದ್ದಾರೆ. ಅದೇ ಖಂಡದ ಕಾಡುಕೋಳಿಯಾದ ಟರ್ಕಿಯ ಬೇಟೆಗೆ ಈಗಲೂ ಮಡಿಸಿ ಚೀಲದಲ್ಲಿ ತುಂಬಬಹುದಾದ ಹಗುರವಾದ ಕೃತಕ ಕೋಳಿಗಳನ್ನು ಒಯ್ಯುವರು. ವಸಂತದಲ್ಲಿ ಹೆಣ್ಣಿನ ಪ್ರತಿಮೆಯನ್ನೋ, ಪ್ರಾಯದ ಗಂಡಿನ ಪ್ರತಿಮೆಯನ್ನೋ ನಿಲ್ಲಿಸಿ ಹಿರಿಯ ಗಂಡನ್ನು ಮೋಹದಿಂದಲೋ ಮತ್ಸರದಿಂದಲೋ ಸೆಳೆಯುವರು. ಈ ಟರ್ಕಿಯು ಭರತಖಂಡಕ್ಕೆ ಅಪರಿಚಿತವೇನಲ್ಲ: ೧೬೧೨ರಲ್ಲಿ ಗೋವೆಯಿಂದ ತರಿಸಿದ ಒಂದು ಹಕ್ಕಿಯನ್ನು ಕಂಡು ಜಹಾಂಗೀರನು ಬೆರಗಾಗಿ ಅದರ ಚಿತ್ರವನ್ನು ಬರೆಯಿಸಿದನು. ಆದರೆ ಇಲ್ಲಿ ಅದು ಬೇಟೆಯ ಹಕ್ಕಿಯಾಗಲಿಲ್ಲ, ಅಂಗಳದ ಹಕ್ಕಿಯಾಯಿತು. ಈ ಸಾಧನಕ್ಕೆ ಇಂಗ್ಲಿಷಿನಲ್ಲಿರುವ ‘ಡಿಕಾಯ್’ ಎಂಬ ಹೆಸರು ಪಂಜರವೆಂಬ ಅರ್ಥದ ಡಚ್ ಪದದಿಂದ ಬಂದಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಅಲ್ಲಿಯ ಹೆಸರು ಸೆರೆಯನ್ನು ಹೇಳುತ್ತದೆ. ಇಲ್ಲಿಯ ಹೆಸರು ಬೆಳಕನ್ನು ಹೇಳುತ್ತದೆ. ಕೆಲಸವೊಂದೇ ಆದರೂ ನೋಡಿದ ಕಣ್ಣು ಬೇರೆ.

ಮೂರನೆಯ ಗುಣವೊಂದುಂಟು; ಅದು ಸಾದೃಶ್ಯಕ್ಕೆ ವಿರುದ್ಧವೆಂಬಂತೆ ತೋರುತ್ತದೆ. ದೀವವು ಕಾಡಿನ ಪ್ರಾಣಿಗೆ ತನ್ನಂತೆಯೇ ಕಾಣಬೇಕು, ಆದರೆ ಒಡೆಯನಿಗೆ ಬೇರೆಯಾಗಿ ಕಾಣಬೇಕು. ಇಲ್ಲವಾದರೆ ಬೇಟೆಗಾರನ ಬಾಣಕ್ಕೆ ದೀವವೇ ಬಲಿಯಾದೀತು. ಈ ತತ್ತ್ವದ ಮಹತ್ತ್ವವನ್ನು ಆದಿಕವಿಯು ಎಡೆದೊರೆಯ ನೆರೆಯಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಕಿಷ್ಕಿಂಧೆಯೆಂದು ಪ್ರಸಿದ್ಧವಾದ ಆನೆಗೊಂದಿಯ ಪ್ರದೇಶವು ತುಂಗಭದ್ರೆಯ ದಡದಲ್ಲಿದ್ದು, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯು ಬೇರೆಯಾಗುವವರೆಗೂ ರಾಯಚೂರು ಜಿಲ್ಲೆಗೇ ಸೇರಿದ್ದಿತು. ಅಲ್ಲಿ ಸುಗ್ರೀವನು ಗರ್ಜಿಸಿ ಕರೆಯುತ್ತಾನೆ. ಸಹಿಸಲಾರದ ವಾಲಿಯು ಹೊರಬೀಳುತ್ತಾನೆ. ರಾಮನು ಮರೆಯಲ್ಲಿ ನಿಂತಿದ್ದಾನೆ. ಕೌಜುಗದ ಬೇಟೆಗೂ ಇದಕ್ಕೂ ಕ್ರಮದಲ್ಲಿ ಭೇದವೇ ಇಲ್ಲ. ಮೊದಲ ಸಾರಿ ರಾಮನು ಬಾಣವನ್ನು ಬಿಡಲಿಲ್ಲ. ಅಣ್ಣತಮ್ಮಂದಿರು ರೂಪದಲ್ಲಿಯೂ ನಡೆಯಲ್ಲಿಯೂ ದನಿಯಲ್ಲಿಯೂ ಒಂದೇ ಆಗಿದ್ದುದರಿಂದ ಸುಗ್ರೀವನನ್ನೇ ಕೊಂದೇನೆಂದು ಅವನು ಶಂಕಿಸಿದನು. ಪೆಟ್ಟುತಿಂದು ಓಡಿಬಂದ ಸುಗ್ರೀವನ ಕೊರಳಿಗೆ ಲಕ್ಷ್ಮಣನು ಹೂಬಿಟ್ಟ ಗಜಪುಷ್ಪಿಯ ಬಳ್ಳಿಯನ್ನು ಕಟ್ಟಿದ ಮೇಲೆಯೇ ಎರಡನೆಯ ಕರೆಯು ನಡೆಯಿತು. ಆಗ ತಾರೆಯು, ಸೋತು ಓಡಿದವನು ಇಷ್ಟು ಬೇಗ ಹಿಂದಿರುಗಿ ಕರೆಯಬೇಕಾದರೆ ಅವನ ಹಿಂದೆ ಯಾರೋ ಇರಬೇಕೆಂದು ಎಚ್ಚರಿಸಿದಳು. ಜಾತಕದ ಮುದಿಹಕ್ಕಿಯ ವಿವೇಕವೇ ಅವಳಲ್ಲಿ ಮಾತಾಡಿತು; ವಾಲಿಯು ಕೇಳಲಿಲ್ಲ. ಟರ್ಕಿಯ ಕೃತಕ ಪ್ರತಿಮೆಗಳನ್ನು ಹೊತ್ತು ಕಾಡಿನಲ್ಲಿ ನಡೆಯುವಾಗ ಇತರ ಬೇಟೆಗಾರರು ಅವನ್ನು ನಿಜವಾದ ಹಕ್ಕಿಯೆಂದು ಬಗೆದು ಗುಂಡು ಹಾರಿಸದಂತೆ, ಕಣ್ಣಿಗೆ ಹೊಡೆಯುವ ಕಿತ್ತಳೆಯ ಬಣ್ಣದ ಚೀಲದಲ್ಲಿ ಮುಚ್ಚಿ ಒಯ್ಯಬೇಕೆಂದು ಇಂದಿನ ಅಮೇರಿಕೆಯಲ್ಲಿ ಬೋಧಿಸುತ್ತಾರೆ. ಗಜಪುಷ್ಪಿಯ ಮಾಲೆಗೂ ಆ ಚೀಲಕ್ಕೂ ಪ್ರಯೋಜನವು ಒಂದೇ ಎಂಬುದನ್ನು ಗಮನಿಸಬೇಕು.

ಇಲ್ಲಿಂದ ಮುಂದಕ್ಕೆ ವಿಚಾರವು ಬೇಟೆಯನ್ನು ಬಿಟ್ಟು ಧರ್ಮಕ್ಕೆ ಬರುತ್ತದೆ. ಬಿದ್ದ ವಾಲಿಯು ರಾಮನನ್ನು ಆಕ್ಷೇಪಿಸಿದಾಗ ರಾಮನು ಹೇಳಿದ ಉತ್ತರಗಳಲ್ಲಿ ಒಂದು ಬೇಟೆಯ ಪದ್ಧತಿಯನ್ನೇ ಆಧಾರವಾಗುಳ್ಳದ್ದು: ಜನರು ಬಲೆಗಳಿಂದಲೂ ಪಾಶಗಳಿಂದಲೂ ಕೂಟಯಂತ್ರಗಳಿಂದಲೂ, ಮರೆಯಾಗಿಯೂ ಎದುರಾಗಿಯೂ, ಮೃಗಗಳನ್ನು ಹಿಡಿಯುವುದು ರೂಢಿಯೆಂಬುದು ಅದರ ಅಭಿಪ್ರಾಯ. ಈ ಉತ್ತರವು ಬಾಣ ಬಿಟ್ಟವನಿಗೆ ಸಲ್ಲುತ್ತದೆ. ಕೂಗಿ ಕರೆದವನಿಗೆ ಏನು ಉತ್ತರ? ವಾಲಿಯ ಮರಣದ ಅನಂತರ ಸುಗ್ರೀವನು ಪಟ್ಟ ದುಃಖವನ್ನು ಆದಿಕವಿಯು ಮರೆಯದೆ ವರ್ಣಿಸಿರುವುದು ಈ ಪ್ರಶ್ನೆಯ ಗುರುತ್ವವನ್ನು ಅರಿತೇ ಇರಬೇಕು. ತಿತ್ತಿರಜಾತಕವು ಇದೇ ಪ್ರಶ್ನೆಯನ್ನು ನೇರವಾಗಿ ಎತ್ತುತ್ತದೆ. ಅಲ್ಲಿ ದೀಪಕವಾದ ಕೌಜುಗವು ಮೊದಲು ಕೂಗಲೊಲ್ಲದೆ ಸುಮ್ಮನಿರುತ್ತದೆ. ಬೇಟೆಗಾರನು ಬಿದಿರುಕೋಲಿನಿಂದ ತಲೆಗೆ ಹೊಡೆಯಲು ನೋವಿನಿಂದ ಕೂಗುತ್ತದೆ. ಕೂಗಿಗೆ ಬಂದ ಬಂಧುಗಳು ಬಲೆಗೆ ಬೀಳುತ್ತಾರೆ. ತನ್ನಿಂದ ಜ್ಞಾತಿಗಳು ಸಾಯುತ್ತಿರುವರಲ್ಲ, ಈ ಪಾಪವು ತನ್ನದೇ ಎಂದು ಅದು ಒಬ್ಬ ತಪಸ್ವಿಯನ್ನು ಕೇಳುತ್ತದೆ. ಮನಸ್ಸು ಪಾಪಕ್ಕೆ ಒಪ್ಪದಿದ್ದರೆ ಪಾಪವು ಅಂಟದೆಂದು ತಪಸ್ವಿಯು ಸಮಾಧಾನ ಹೇಳುತ್ತಾನೆ. ದೀವದ ಹಕ್ಕಿಗೂ ಅಂತರಂಗವುಂಟೆಂದು ಕಂಡ ಈ ಕಥೆಯು ಭರತಖಂಡದ ಧರ್ಮವಿಚಾರದಲ್ಲಿ ವಿಶಿಷ್ಟವಾದ ಸ್ಥಾನಕ್ಕೆ ಅರ್ಹವಾಗಿದೆ.

ದೀವವು ಧರ್ಮಬೋಧೆಯಲ್ಲಿ ದೃಷ್ಟಾಂತವೂ ಆಯಿತು. ಮಜ್ಝಿಮನಿಕಾಯದ ಒಂದು ಸೂತ್ರದಲ್ಲಿ ಜಿಂಕೆಗಳ ಹಿಂಡಿನ ಕೇಡನ್ನು ಬಯಸಿದವನು ಕ್ಷೇಮಮಾರ್ಗವನ್ನು ಮುಚ್ಚಿ, ಕುಮಾರ್ಗವನ್ನು ತೆರೆದು, ಗಂಡು ಹೆಣ್ಣುಗಳ ಎರಡು ದೀವಗಳನ್ನು ನಿಲ್ಲಿಸುವನು. ಗಂಡುದೀವವು ಆಸಕ್ತಿಯೆಂದೂ ಹೆಣ್ಣುದೀವವು ಅವಿದ್ಯೆಯೆಂದೂ ಅಲ್ಲಿಯೇ ವಿವರಿಸಿದೆ. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಗುರುಗಳನ್ನು ಎಣಿಸುವಾಗ, ಗಾನಕ್ಕೆ ಮರುಳಾಗಿ ಸಿಕ್ಕಿಬಿದ್ದ ಜಿಂಕೆಯನ್ನೂ, ಹೆಣ್ಣಾನೆಯ ಸ್ಪರ್ಶಕ್ಕಾಗಿ ಬಂದು ಬಂಧಿತವಾದ ಸಲಗವನ್ನೂ ಹೇಳುತ್ತಾನೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರೂ, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರೂ, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರೂ ಭಾಗವತವನ್ನೇ ಉಸಿರಾಗಿ ಬಾಳಿದವರು. ಹೀಗೆ ಒಂದೇ ಸೀಮೆಯಲ್ಲಿ ಹರಿದಾಸರ ತಂಬೂರಿಯೂ ಬೇಡರ ಬಲೆಯೂ ಜೊತೆಜೊತೆಯಾಗಿ ಇದ್ದವು. ಆ ಸೀಮೆಯ ಕೇಳುಗರಿಗೆ ಇಂತಹ ದೃಷ್ಟಾಂತಗಳು ಪುಸ್ತಕದ ಮಾತಾಗಿರಲಿಲ್ಲ, ಹೊಲದ ಬದುವಿನಲ್ಲಿ ದಿನವೂ ಕಾಣುವ ಸಂಗತಿಯಾಗಿದ್ದವು.

ಬೇಟೆಯನ್ನು ನಿಗ್ರಹಿಸುವ ಆಲೋಚನೆಯೂ ಈ ನೆಲಕ್ಕೆ ಹೊಸದಲ್ಲ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವು ಬೆಳಕಿಗೆ ಬಂದುದು ೧೯೧೫ರಲ್ಲಿ, ಇದೇ ರಾಯಚೂರು ಜಿಲ್ಲೆಯಲ್ಲಿ. ಆ ಅರಸನು ತನ್ನ ಇತರ ಶಾಸನಗಳಲ್ಲಿ, ಅಡಿಗೆಮನೆಗೆ ದಿನವೂ ಕೊಲ್ಲುತ್ತಿದ್ದ ಪ್ರಾಣಿಗಳನ್ನು ಎರಡು ನವಿಲು ಒಂದು ಜಿಂಕೆಗೆ ಇಳಿಸಿದುದನ್ನೂ, ಬೇಟೆಯ ವಿಹಾರಯಾತ್ರೆಗೆ ಬದಲಾಗಿ ಧರ್ಮಯಾತ್ರೆಯನ್ನು ಕೈಕೊಂಡುದನ್ನೂ ತಿಳಿಸಿದ್ದಾನೆ. ಅವನ ನಿಯಮಗಳು ಅರಮನೆಯಿಂದ ಪ್ರಾರಂಭವಾದವು ಎಂಬುದು ಸ್ಮರಣೀಯ.

ಈಚಿನ ಕಾಲದಲ್ಲಿ ಕ್ರಮವು ಬೇರೆಯಾಯಿತು. ಎಡೆದೊರೆಯಲ್ಲಿ ಬೇಡರು ಬೇಟೆಗಾರರು ಮಾತ್ರವಲ್ಲ, ಆಳಿದವರೂ ಹೌದು. ದೇವದುರ್ಗವು ಬೇಡ ಪಾಳೆಯಗಾರರ ದೃಢವಾದ ನೆಲೆಯಾಗಿದ್ದಿತು. ನೆರೆಯ ಸುರಪುರದ ಸಂಸ್ಥಾನವು ೧೮೫೮ರಲ್ಲಿ ವೆಂಕಟಪ್ಪನಾಯಕನ ಮರಣದೊಡನೆ ಮುಗಿಯಿತು. ಆದರೆ ಬಲೆ ಕುಣಿಕೆಗಳನ್ನೇ ನಂಬಿದ ಅಲೆಮಾರಿಗಳ ಪಾಡು ಬೇರೆ. ಕುಣಿಕೆಯೆಂಬ ಅರ್ಥದ ಮಾತಿನಿಂದ ಫಾಸೆಪಾರ್ಧಿಗಳೆಂದೂ, ಜಿಂಕೆಯ ಬೇಟೆಯಿಂದ ಹರಣಶಿಕಾರಿಗಳೆಂದೂ ಚಿಗರಿಬೇಟೆಗಾರರೆಂದೂ, ಅಡವಿಚಿಂಚರೆಂದೂ ಕರೆಯಿಸಿಕೊಂಡವರು ಇವರು. ೧೮೭೧ರಿಂದ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾನೂನು ಇಂತಹ ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸಿತು. ಅದು ರದ್ದಾದುದು ೧೯೫೨ರಲ್ಲಿ. ಮುಂದೆ ೧೯೬೩ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಕೊಲ್ಲುವುದನ್ನು ಮಾತ್ರವಲ್ಲದೆ, ಹಿಡಿಯುವುದು, ಕುಣಿಕೆಯೊಡ್ಡುವುದು, ಅಟ್ಟುವುದು, ಆಸೆತೋರಿಸಿ ಸೆಳೆಯುವುದು ಇವೆಲ್ಲವನ್ನೂ ಬೇಟೆಯೆಂಬ ಪದದೊಳಗೆ ಸೇರಿಸಿತು. ಹೀಗೆ ಸೋಹೂ ದೀವವೂ ಒಂದೇ ಕಾನೂನಿನ ಒಂದೇ ವಾಕ್ಯದಲ್ಲಿ ಕೊನೆಗೊಂಡವು. ಚಿಗರೆ ಕೌಜುಗಗಳ ದೃಷ್ಟಿಯಿಂದ ಇದು ನ್ಯಾಯವಾದುದೇ; ಕುಗ್ಗಿಹೋದ ಹಿಂಡುಗಳಿಗೆ ಬೇರೆ ರಕ್ಷೆಯಿರಲಿಲ್ಲ. ಆದರೆ ಅರಸರಿಗೆ ವಿನೋದವಾಗಿದ್ದುದು ಇವರಿಗೆ ಜೀವನವಾಗಿದ್ದಿತೆಂಬುದನ್ನೂ, ಅರಸರ ವಿನೋದಕ್ಕೆ ಗ್ರಂಥವು ದೊರೆತ ಕಡೆ ಇವರ ವಿದ್ಯೆಗೆ ಕಳಂಕವು ದೊರೆಯಿತೆಂಬುದನ್ನೂ ಇತಿಹಾಸವು ಮರೆಯಬಾರದು.

ಕೌಜುಗದ ಕೂಗನ್ನು ಕೇಳಿ ಅದು ಮರಿಗಳಿಗಾಗಿ ಕೂಗಿದುದೋ, ಎದುರಾಳಿಗಾಗಿ ಕೂಗಿದುದೋ ಎಂದು ಹೇಳಬಲ್ಲ ಕಿವಿಗಳು ಹಳೆಯ ತಲೆಮಾರಿನವು. ಬೇಟೆಯು ನಿಂತುದು ಒಳ್ಳೆಯದು. ಆ ಕಿವಿಗಳ ಅರಿವು ನಿಲ್ಲುವುದು ಒಳ್ಳೆಯದಲ್ಲ. ಹಳಗನ್ನಡ ಕಾವ್ಯದ ಬೇಟೆಯ ಭಾಗವನ್ನು ಪಾಠಹೇಳುವ ಪಂಡಿತನು ನಿಘಂಟನ್ನು ತೆರೆದು ನೋಡುವಂತೆಯೇ ಈ ಜನರ ಹಟ್ಟಿಗೂ ಹೋಗಿ ಕೇಳಿದರೆ, ಅನೇಕ ಪದಗಳು ಅರ್ಥದೊಡನೆ ಕೈಸೇರಬಹುದು. ಕಲ್ಲಿನ ಶಾಸನಗಳನ್ನು ಅಚ್ಚುತೆಗೆದು ಓದಿದ ಶ್ರದ್ಧೆಯಲ್ಲಿ ಒಂದು ಪಾಲು ಇದಕ್ಕೂ ಸಲ್ಲಬೇಕಾಗಿದೆ. ದೀವವೆಂದರೆ ತೋರಿಸುವುದು. ಹಕ್ಕಿಯನ್ನು ತೋರಿಸುವ ಕೆಲಸವು ಆ ಪದಕ್ಕೆ ಮುಗಿಯಿತು. ಅದನ್ನು ಸಾಕಿದವರನ್ನು ತೋರಿಸುವ ಕೆಲಸವು ಇನ್ನೂ ಉಳಿದಿದೆ.